ಶೆಡ್ಡಿನ ಕ್ಯಾರವಾನ್‌ಗೂ ದೀಪಾವಳಿ

"ಬ್ಯಾಟರಿ ಪೂರ್ತಿ ಡೆಡ್! ಇಷ್ಟು ದಿನ ನೋಡದೇನೇ ನೋಡಿದೆ ಅಂತ ಹೇಳ್ತಿದ್ರಾ, ವೇಣಿ?"

ಕ್ಯಾರವಾನ್ ಬಾಗಿಲಲ್ಲಿ ನಿಂತು ವಿಶ್ರುತ್ ಹೀಗೆ ಕೇಳಿದಾಗ ವೇಣಿಗೆ ನಿಂತ ನೆಲವೇ ಕುಸಿದಂತಾಯಿತು.

ಆರು ತಿಂಗಳಿಂದ ಅವನು ಬರುವ ಈ ದಿನಕ್ಕೇ ಕಾದಿದ್ದಳು, ಪಾಪ! ಬೆಳಿಗ್ಗೆ ತಲೆಗೆ ಎರೆದುಕೊಂಡು, ಕನ್ನಡಿಯ ಮುಂದೆ ಮೂರು ಸಲ ನಿಂತು, ಮಲ್ಲಿಗೆ ಮುಡಿದು ಬಂದಿದ್ದಳು. ಅದಕ್ಕೆ ಸಿಕ್ಕ ಬಹುಮಾನ ಇದು.

ವೈಟ್‌ಫೀಲ್ಡ್ ಆಚೆ ತಮ್ಮ ಹೊಲದಲ್ಲಿ ಅಪ್ಪ ಮುನಿರಾಜು ಶೆಡ್ ಹಾಕಿಸಿ, ದೊಡ್ಡ ಗಾಡಿಗಳನ್ನು ಬಾಡಿಗೆಗೆ ತಿಂಗಳುಗಟ್ಟಲೆ ನಿಲ್ಲಿಸಿಕೊಳ್ಳುತ್ತಿದ್ದರು. ಡಿಪ್ಲೊಮಾ ಓದಿದ ವೇಣಿಯದೇ ಉಸ್ತುವಾರಿ. ಪೀಣ್ಯದಲ್ಲಿ ಲೇತ್ ಮೆಷಿನ್ ಇಟ್ಟುಕೊಂಡಿರುವ ವಿಶ್ರುತ್ ಮಳೆಗಾಲಕ್ಕೆ ಮುಂಚೆ ತನ್ನ ಕ್ಯಾರವಾನ್ ಬಿಟ್ಟುಹೋಗಿದ್ದ. ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್ಜು, ದೀಪಗಳು; ಅವಕ್ಕೆಲ್ಲ ಬೇರೆಯದೇ ಬ್ಯಾಟರಿ.

ನಿಂತ ಗಾಡಿಯ ಬ್ಯಾಟರಿ ಮರೆತರೆ ಕೆಟ್ಟಿತೆಂದೇ ಲೆಕ್ಕ. ಅದಕ್ಕೇ ವೇಣಿ ಮೇನ್ ಸ್ವಿಚ್ ಆರಿಸಿ, ಚಾರ್ಜರ್ ಸಿಕ್ಕಿಸಿ, ಭಾನುವಾರ ಭಾನುವಾರ ಮೀಟರ್ ಹಿಡಿದು ನೋಡುತ್ತಿದ್ದಳು. ಆಗ ವಿಶ್ರುತ್ ಫೋನ್ ಮಾಡುತ್ತಿದ್ದ.

"ಹನ್ನೆರಡು ಪಾಯಿಂಟ್ ಏಳು ವೋಲ್ಟ್ ಇದೆ ಸಾರ್."

"ಥ್ಯಾಂಕ್ಸ್. ಊಟ ಆಯ್ತಾ?"

ಮೊದಮೊದಲು ಎರಡೇ ನಿಮಿಷದ ಮಾತು. ಆಷಾಢ ಕಳೆಯುವಷ್ಟರಲ್ಲಿ ಮುಕ್ಕಾಲು ಗಂಟೆ!

ಇವತ್ತು ವಿಶ್ರುತ್ ತನ್ನ ಅಮ್ಮ ವತ್ಸಲಾರನ್ನು ಪ್ರವಾಸಕ್ಕೆ ಕರೆದೊಯ್ಯಲೆಂದು ಗಾಡಿ ತೆಗೆಯಲು ಬಂದರೆ, ಒಳಗೆ ಒಂದು ದೀಪವೂ ಹತ್ತಲಿಲ್ಲ.

"ಹೋದ ಭಾನುವಾರ ಚೆನ್ನಾಗಿತ್ತು ಸಾರ್. ಆಮೇಲೆ ಹಬ್ಬಕ್ಕೆ ಮಾರತ್ತಹಳ್ಳಿಗೆ, ಅಕ್ಕನ ಮನೆಗೆ ಹೋಗಿದ್ದೆ. ನಿಜವಾಗ್ಲೂ..."

"ಒಂದೇ ವಾರದಲ್ಲಿ ಖಾಲಿ ಆಗೋಯ್ತಾ? ಬಿಡಿ, ಗಾಡಿ ಬೇರೆ ಕಡೆ ನಿಲ್ಲಿಸ್ಕೋತೀನಿ."

ಬೇರೆ ಕಡೆ... ಅಂದರೆ ಇನ್ನು ಆ ದನಿಯೂ ಇಲ್ಲ, ಅವನೂ ಇಲ್ಲ! 'ನನ್ನನ್ನ ಸುಳ್ಳುಬುರುಕಿ ಅಂದ್ಕೊಂಡೇ ಹೊರಟ್ಹೋಗ್ತಾರಲ್ಲ...' ವೇಣಿಯ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಅಜ್ಜಿ ಸೊಣ್ಣಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದರು.

"ಯಾಕಪ್ಪಾ, ನಮ್ ಮಗೀನ ಅಳಿಸ್ತಿದ್ದೀಯಾ?"

"ಗಾಡಿ ಒಳಗೆ ದೀಪ ಹತ್ತುತ್ತಿಲ್ಲ ಅಜ್ಜಿ."

"ಹತ್ತದೇ ಏನು? ಅಬ್ಬದ ಮೂರು ದಿನಾನೂ ರಾತ್ರಿಯೆಲ್ಲಾ ನಾನೇ ಉರಿಸಿದ್ನಲ್ಲ!"

ಇಬ್ಬರೂ ಅಜ್ಜಿಯತ್ತ ತಿರುಗಿದರು.

"ಒಲೆ ಐತೆ, ಮಂಚ ಐತೆ... ಅದು ಮನೆ ಅಲ್ವಾ? ದೀಪಾವಳೀಲಿ ಮನೆ ಕತ್ಲಾಗಿರ್ಬಾರ್ದು ಕಣಪ್ಪ. ಇವಳು ಒತ್ತೋ ಸ್ವಿಚ್ಚೇ ಒತ್ತಿದೆ. ಪಟಾಕಿ ಕಿಡಿ ಬಿದ್ದಾತು ಅಂತ ಗೋಡೆ ವೈರ್ ಮಾತ್ರ ಕಿತ್ತಾಕ್ದೆ."

ಚಾರ್ಜರ್ ಕಿತ್ತು, ಮೂರು ರಾತ್ರಿ ಎಲ್ಲ ದೀಪ ಉರಿಸಿದರೆ ಯಾವ ಬ್ಯಾಟರಿ ತಾನೇ ತಡೆದೀತು! ವಿಶ್ರುತ್ ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅಜ್ಜಿ ಮಾತ್ರ ತಾನು ಮಾಡಿದ್ದು ಪುಣ್ಯದ ಕೆಲಸವೆಂದು ಗೊಣಗುತ್ತಾ ಒಳಗೆ ಹೋದರು.

ವೇಣಿ ಚಾರ್ಜರ್ ಸಿಕ್ಕಿಸಿ ಚಾರ್ಜ್ ನಿಧಾನಕ್ಕೆ ಏರಲು ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಒಳಗಿನ ದೀಪ ಹತ್ತಿತು. ಬ್ಯಾಟರಿ ಕೆಟ್ಟಿರಲಿಲ್ಲ, ಸುಸ್ತಾಗಿತ್ತು ಅಷ್ಟೇ. ಅಬ್ಬಾ! ಅವಳಿಗೆ ಹೋದ ಜೀವ ಬಂದಂತಾಯಿತು.

"ಕ್ಷಮಿಸಿ ವೇಣಿ... ಬಾಯಿಗೆ ಬಂದಂಗೆ ಮಾತಾಡ್ಬಿಟ್ಟೆ."

"ನನ್ನ ಮೇಲೆ ಅಷ್ಟೇನಾ ನಂಬಿಕೆ?"

"ಬ್ಯಾಟರಿಗೋಸ್ಕರ ಸಿಟ್ಟು ಬಂದಿದ್ದಲ್ಲ. ಬ್ಯಾಟರಿ ಲೆಕ್ಕಾನೇ ಸುಳ್ಳಾದ್ರೆ, ನಾವು ಆಡಿದ ಮಾತೆಲ್ಲಾ ಸುಳ್ಳೇನೋ ಅಂತ... ಹೆದರಿಬಿಟ್ಟೆ."

ವೇಣಿ ತಲೆ ಎತ್ತಿ ನೋಡಿದಳು. ಅವನ ಕಣ್ಣಂಚೂ ಒದ್ದೆಯಾಗಿತ್ತು.

"ಅಮ್ಮನಿಗೆ ನಿಮ್ಮನ್ನ ತೋರಿಸ್ಬೇಕಿತ್ತು."

"ನನ್ನನ್ನಾ? ಯಾಕೆ?"

"ನಿಮ್ಮನ್ನೇ ಮದುವೆ ಆಗೋದು ಅಂತ ಆಗ್ಲೇ ಹೇಳ್ಬಿಟ್ಟಿದ್ದೀನಿ. ನಿಮಗೆ ಹೇಳೋದೊಂದು ಬಾಕಿ ಇತ್ತು."

"ನನಗೇ ಕೊನೇಲಿ ಹೇಳೋದಾ!" ಅಳುತ್ತಲೇ ನಕ್ಕಳು ವೇಣಿ.

"ಒಪ್ಪಿಗೆನಾ?"

"ಒಪ್ಪಿಗೆ ಕಣ್ರೀ... ಹೋಗಿ, ಅಮ್ಮನ್ನ ಕರ್ಕೊಂಡು ಬನ್ನಿ."