ಎಸ್ಪೆರಾಂಟೋದಲ್ಲಿ ಕೊಟ್ಟ ಮಾತು

"ಕನ್ನಡದಾಗೆ ಯೋಚನೆ ಮಾಡಿ ಆಮೇಲೆ ತಿರುಗಿಸಬ್ಯಾಡ್ರಿ ಮಿಸ್. ನೀರು ಕಂಡ ಕೂಡ್ಲೇ 'ಅಕ್ವೋ' ಅಂತ ಬರಬೇಕು."

"ಬಾಯಾರಿದವಳಿಗೆ ಮೊದ್ಲು ನೀರು ಕೊಡ್ರಿ. ಆಮೇಲೆ ಪಾಠ."

ಗುರುಬಸವರಾಜ್ ನಗುತ್ತ ಬಾಟಲಿ ಚಾಚಿದ. ಅವನು ನ್ಯಾಮತಿಯ ಹೈಸ್ಕೂಲಿನ ಗಣಿತದ ಮೇಷ್ಟ್ರು. ನೇತ್ರಾವತಿ ಅದೇ ವರ್ಷ ಜಗಳೂರು ಕಡೆಯ ಸೊಕ್ಕೆಯಿಂದ ಅವ್ವನನ್ನು ಕರೆದುಕೊಂಡು ವಿಜ್ಞಾನ ಕಲಿಸಲು ಬಂದವಳು. ಹಿಂದೆ ಯಾವುದೋ ದೇಶದ ಕಣ್ಣಿನ ಡಾಕ್ಟರೊಬ್ಬರು ಕೂತು ಕಟ್ಟಿದ ಎಸ್ಪೆರಾಂಟೋ ಎಂಬ ಭಾಷೆಯನ್ನು ಅವನು ಫೋನಿನಲ್ಲಿ ಕಲಿಯುತ್ತಿದ್ದ. ಮಾತಾಡಲು ಜೊತೆಯಿರಲಿಲ್ಲ. ಅವಳು ಸಿಕ್ಕಳು.

"ಗುಬ್ಬಿ ಜಗಳ ಆಡಿದಂಗೆ ಐತಲ್ರಿ ನಿಮ್ಮಾತು!" ಎಂದು ಸ್ಟಾಫ್ ರೂಮಿನಲ್ಲಿ ನಿರ್ಮಲಮ್ಮ ಟೀಚರ್ ಛೇಡಿಸುತ್ತಿದ್ದರು.

ಮೊದಮೊದಲು ನೇತ್ರಾವತಿ ಒಂದೊಂದು ಪದವನ್ನೂ ಅಕ್ಕಿ ಆರಿಸಿದಂತೆ ಆರಿಸುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಅದು ತಾನಾಗಿ ಬರತೊಡಗಿತು. ಒಂದು ಸಂಜೆ ಅವ್ವ ಅಜ್ಜಮ್ಮ, "ಸಾರಿಗೆ ಉಪ್ಪು ಸಾಕೇನೇ?" ಎಂದರೆ, ಸಾಕು ಎನ್ನುವ ಬದಲು "ಸುಫೀಚಾಸ್" ಎಂದುಬಿಟ್ಟಳು.

"ಏನೇ, ಸೀನಿದ್ಯಾ?"

ಮರುದಿನ ಅದನ್ನು ಹೇಳಿದಾಗ ಅವನು ನಗಲಿಲ್ಲ. ಅವಳನ್ನೇ ನೋಡಿದ. ಅವಳು ಸುಮ್ಮನೆ ಸೆರಗಿನ ಪಿನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು. ಆಗ ಅವನು ಆ ಭಾಷೆಯಲ್ಲೇ ಮೆಲ್ಲಗೆ ಹೇಳಿದ: ಸಂಕ್ರಾಂತಿ ಕಳೆಯಲಿ, ನಮ್ಮವ್ವನ ಹತ್ತಿರ ಮಾತಾಡುತ್ತೇನೆ, ನಿನ್ನನ್ನೇ ಮದುವೆಯಾಗುತ್ತೇನೆ.

"ಕನ್ನಡದಾಗೆ ಒಂದ್ಸಲ ಹೇಳ್ರಿ."

"ಕನ್ನಡದಾಗೆ ನಾಚಿಕೆ ಆಗ್ತೈತೆ ಮಿಸ್."

ಅವಳಿಗೆ ಆ ನಾಚಿಕೆಯೂ ಇಷ್ಟವಾಯಿತು.

ಸಂಕ್ರಾಂತಿಯಾಗಿ ಎಂಟನೇ ದಿನ ಅವನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಡ ಹಂಚಿದ. ಬಸವಾಪಟ್ಟಣದ ಹುಡುಗಿಯೊಂದಿಗೆ ಮದುವೆ ನಿಶ್ಚಯವಾಗಿತ್ತು. ನೇತ್ರಾವತಿ ಪೇಡ ಹಿಡಿದುಕೊಂಡೇ ಅವನ ಹಿಂದೆ ಕಾರಿಡಾರಿಗೆ ಬಂದಳು.

"ನಂಗೆ ಮಾತು ಕೊಟ್ಟಿದ್ರಿ."

"ಅದು ಪ್ರಾಕ್ಟೀಸಿಗೆ ಹೇಳಿದ್ದಲ್ವೇನ್ರಿ?" ಅವನ ಕಣ್ಣು ಆಟದ ಬಯಲಿನ ಕಡೆಗಿತ್ತು. "ನೀವು ನಮ್ಮೋರಲ್ಲ, ನಮ್ಮವ್ವ ಒಪ್ಪಾಕಿಲ್ಲ ಅಂತ ನಿಮಗೂ ಗೊತ್ತಿತ್ತು. ಕನ್ನಡದಾಗೆ ಯಾವತ್ತಾದ್ರೂ ಹೇಳಿದೀನಾ?"

ಬೈಯಲು ಬಾಯಿ ತೆರೆದಳು. ಬಂದದ್ದು ಎಸ್ಪೆರಾಂಟೋ. ಒಂದೇ ಉಸಿರಿನಲ್ಲಿ, ಎಲ್ಲೂ ತೊಡರದೆ ಬಂತು. ಅವನ ತುಟಿಗಳು ಅಲ್ಲಾಡುತ್ತಿದ್ದವು. ಒಂದೊಂದೇ ಪದವನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದ.

"ಸ್ವಲ್ಪ ನಿಧಾನಕ್ಕೆ ಹೇಳ್ರಿ. ತಿಳೀಲಿಲ್ಲ."

ಅವಳು ನಿಲ್ಲಿಸಿದಳು. ಇಷ್ಟು ದಿನ ಇಬ್ಬರೂ ಇದ್ದೇವೆಂದುಕೊಂಡ ಆ ಭಾಷೆಯ ಮನೆಯಲ್ಲಿ ತಾನೊಬ್ಬಳೇ ಇದ್ದಳು. ಅವನು ಹೊಸ್ತಿಲ ಆಚೆ ನಿಂತೇ ಮಾತಾಡಿ ಹೋಗುತ್ತಿದ್ದ.

"ಪೇಡ ಚೆನ್ನಾಗೈತೆ ಸಾರ್," ಎಂದಳು. ಅದನ್ನು ತಿಂದಿರಲೇ ಇಲ್ಲ.

ಗಂಟೆ ಹೊಡೆಯಿತು. ಒಂಬತ್ತನೇ ತರಗತಿಗೆ ಹೋಗಿ, ಬೋರ್ಡಿನ ಕಡೆ ತಿರುಗಿ ಪಾಠ ಶುರುಮಾಡಿದಳು. ಅರ್ಧ ಬೋರ್ಡು ತುಂಬಿದ ಮೇಲೆ ಹಿಂದಿನಿಂದ ಕಿಸಕ್ಕೆಂದ ಸದ್ದು.

"ಮಿಸ್, ಇದು ಯಾವ ಭಾಷೆ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

ನೇತ್ರಾವತಿ ಬರೆದದ್ದನ್ನು ನೋಡಿದಳು.

"ಯಾವುದೂ ಅಲ್ಲವ್ವ," ಎಂದು ಡಸ್ಟರ್ ಎತ್ತಿಕೊಂಡಳು.