ಓಡುತ್ತಿದ್ದ ಖಾಲಿ ಬೆಲ್ಟು

“ಮೇಡಂ, ಕೈ ಹುಷಾರು. ಬೆಲ್ಟು ಓಡ್ತಿದೆ.”

“ಓಡ್ತಿದೆ, ಸರಿ. ಮೇಲೆ ಒಂದು ಡಬ್ಬಾನೂ ಇಲ್ವಲ್ಲ?”

ಬಣ್ಣದ ಕಾರ್ಖಾನೆಯ ಹೊಸ ಘಟಕ ನೋಡಲು ಬಂದಿದ್ದ ಹನ್ನೊಂದು ಮಂದಿ ಷೇರು ವಿಶ್ಲೇಷಕರಲ್ಲಿ ಹೀಗೆ ಕೇಳಿದವಳು ಅವಳೊಬ್ಬಳೇ. ಉಳಿದವರು ಫೋಟೊ ತೆಗೆಯುತ್ತಿದ್ದರು. ಕೈ ಹುಷಾರು ಎಂದಿದ್ದ ಫಿಟ್ಟರ್ ಅವಳತ್ತ ತಿರುಗಿದ. ತುಟಿ ಬಿಗಿದೇ ಇತ್ತು. ಕಣ್ಣು ಮಾತ್ರ ‘ಸಿಕ್ಕಿಬಿದ್ವಿ’ ಎಂದು ನಕ್ಕಿತು.

ಆಮೇಲೆ ಬಸ್ ನಿಲ್ದಾಣದೆದುರಿನ ಟೀ ಅಂಗಡಿಯಲ್ಲಿ ಆರು ಶನಿವಾರ. ಘಟಕ ಶುರುವೇ ಆಗಿಲ್ಲ, ನೋಡುವವರು ಬಂದ ದಿನ ಮಾತ್ರ ಬೆಲ್ಟು ತಿರುಗಿಸುತ್ತಾರೆ ಎಂಬುದನ್ನು ಅವನು ಮೊದಲ ಶನಿವಾರವೇ ಹೇಳಿ ಮುಗಿಸಿದ್ದ. ಉಳಿದ ಐದಕ್ಕೆ ಇಬ್ಬರೂ ನೆಪ ಹುಡುಕಿದರು.

“ಇನ್ನೇನು ಕೇಳೋದಿದೆ ಮೇಡಂ?”

“ಈ ಮೇಡಂ ಅನ್ನೋದನ್ನ ಯಾವಾಗ ಬಿಡ್ತೀಯ?”

“ನಿಮ್ಮ ರಿಪೋರ್ಟು ಬಂದ ದಿನ.”

ಅವಳು ಗೇಟಿನೆದುರು ನಿಂತು ಲಾರಿಗಳನ್ನು ಗಮನಿಸಿದಳು, ಕಚ್ಚಾ ಸಾಮಾನು ಪೂರೈಸುವವರನ್ನು ವಿಚಾರಿಸಿದಳು. ಎಲ್ಲವೂ ಅವನ ಮಾತಿಗೇ ತಾಳೆಯಾಯಿತು. ‘ಈ ಷೇರು ಮಾರಿಬಿಡಿ’ ಎಂದು ಬರೆದಳು. ಮೂರು ವರ್ಷ ಬೇರೆಯವರ ಹೆಸರಿನಡಿ ದುಡಿದವಳಿಗೆ ಸ್ವಂತ ಹೆಸರಿನ ಮೊದಲ ವರದಿ. ಉಳಿದ ವಿಶ್ಲೇಷಕರ ‘ಕೊಳ್ಳಿ, ಕೊಳ್ಳಿ’ ಎಂಬ ತುತ್ತೂರಿ ನಂಬಿ ಪಿಂಚಣಿ ಸುರಿದ ಮಾಸ್ತರರು, ಹೊಲಿಗೆ ಯಂತ್ರ ತುಳಿದು ಕೂಡಿಟ್ಟ ಹೆಂಗಸರು ಎಷ್ಟು ಮಂದಿಯೋ. ಸುಳ್ಳು ಹೇಳಿದವರು ಅದರ ದಂಡ ತೆತ್ತದ್ದು ಯಾವತ್ತಾದರೂ ಉಂಟೇ?

ಅವಳ ಕಚೇರಿಯ ಮ್ಯಾನೇಜರ್ ವರದಿಯ ಜೊತೆ ಸಹಿ ಹಾಕಿ ಕೊಡಬೇಕಾದ ಕೊನೆಯ ಹಾಳೆ ಸರಿಸಿದರು: ‘ಕಳೆದ ಹನ್ನೆರಡು ತಿಂಗಳಲ್ಲಿ ಈ ಕಂಪನಿಯ ಯಾರೊಂದಿಗಾದರೂ ನಿಕಟ ಸಂಬಂಧ ಇದೆಯೇ?’

“ಇಲ್ಲ ಅಂತ ಟಿಕ್ ಮಾಡಮ್ಮ, ಕಳಿಸಿಬಿಡೋಣ. ಇದೆ ಅಂದ್ರೆ ವರದಿ ಸೀನಿಯರ್ ಕೈಗೆ ಹೋಗುತ್ತೆ. ಆತ ಯಾವತ್ತಾದ್ರೂ ‘ಮಾರಿ’ ಅಂದಿದ್ದುಂಟಾ?”

ಹಾಳೆ ಹಿಡಿದು ಅವಳು ನೇರ ಟೀ ಅಂಗಡಿಗೆ ಬಂದಳು. ಅವನು ಎರಡು ಸಲ ಓದಿದ.

“ಇಲ್ಲ ಅಂತ ಬರೀರಿ. ಇವತ್ತಿಂದ ನಾನು ಈ ಕಡೆ ತಲೆ ಹಾಕಲ್ಲ. ಆಗ ಸುಳ್ಳಾಗಲ್ಲ.”

“ಹನ್ನೆರಡು ತಿಂಗಳು ಅಂತಿದೆ. ಆರು ಶನಿವಾರ ಎಲ್ಲಿ ಬಚ್ಚಿಡ್ಲಿ?”

“ಟೀ ಕುಡಿದ್ವಿ, ಅಷ್ಟೇ.”

“ಅಷ್ಟೇನಾ?”

ಅವನು ಲೋಟ ತಿರುಗಿಸುತ್ತ ಕೂತ. ಕಿವಿ ಕೆಂಪಗಾಯಿತು. “ಅಷ್ಟೇ ಅಲ್ಲ.”

ಇಷ್ಟು ದಿನ ಕಾದ ಮಾತು ಇಂಥ ಗಳಿಗೆಯಲ್ಲೇ ಬರಬೇಕೇ! ಅವಳಿಗೆ ಸಿಟ್ಟೂ ಬಂತು, ಎದೆಯೂ ತುಂಬಿತು.

“ಅವರ ಸುಳ್ಳು ಹಿಡಿಯೋಕೆ ನಾನೊಂದು ಸುಳ್ಳಿಗೆ ಸಹಿ ಹಾಕ್ಲಾ?”

‘ಇದೆ’ ಎಂಬಲ್ಲಿ ಗುರುತು ಹಾಕಿದಳು. ‘ಸಂಬಂಧದ ವಿವರ’ ಎಂಬಲ್ಲಿ ‘ಪ್ರೀತಿಸುತ್ತೇನೆ’ ಎಂದು ಬರೆದಳು. ಮೂರು ವರ್ಷದ ದುಡಿಮೆ ಒಂದು ಪದಕ್ಕೆ ಕೈತಪ್ಪಿತು.

ಅವನು ಆ ಪದದ ಕೆಳಗೆ ಬೆರಳಿಟ್ಟ.

“ಕೆಳಗೆ ಇದನ್ನೂ ಬರಿ. ಘಟಕದ ವಿಷಯ ಹೇಳಿದ್ದು ಇವನೇ, ಯಾರ ಮುಂದೆ ಬೇಕಾದ್ರೂ ಬಂದು ಹೇಳ್ತಾನೆ ಅಂತ. ಕಾಗದದಲ್ಲಿದ್ದರೆ ‘ಗೊತ್ತಿರಲಿಲ್ಲ’ ಅನ್ನೋಕೆ ನಿಮ್ಮ ಸೀನಿಯರ್‌ಗೂ ಬಾಯಿರಲ್ಲ.”

“ನಿನ್ನ ಕೆಲ್ಸ ಹೋಗುತ್ತೆ ಕಣೋ.”

“ನಿಂದು ಉಳಿಯುತ್ತಾ?”

ಅವಳಿಗೆ ನಗು ಬಂತು, ಜೊತೆಗೇ ಕಣ್ಣೀರೂ. ಬರೆದು ಸಹಿ ಹಾಕಿದಳು. ಅವನು ಪೆನ್ನು ಕಸಿದುಕೊಂಡು, ಅವಳ ಸಹಿಯ ಮಗ್ಗುಲಲ್ಲೇ, ಯಾರೂ ಅವನ ಸಹಿ ಕೇಳಿರದ ಜಾಗದಲ್ಲಿ, ಒತ್ತಿ ಒತ್ತಿ ತನ್ನದನ್ನೂ ಹಾಕಿದ.