ಸೊಸೆ ನುಡಿಸುವುದನ್ನು ಬಿಟ್ಟ ವಾರ

"ಈ ಮನೇಲಿ ಒಂದೋ ನಾನಿರಬೇಕು, ಇಲ್ಲಾ ಆ ಪೆಟ್ಟಿಗೆ ಇರಬೇಕು! ಯಾವುದು ಬೇಕು, ಈಗಲೇ ಹೇಳಿಬಿಡು!"

ಬಡಿಸುವ ಸೌಟನ್ನು ಹಿಡಿದೇ ಅತ್ತೆಯವರು ಗುಡುಗಿದರು. ಮಗ ತಟ್ಟೆಯೊಳಗೆ ಮುಳುಗಿಹೋದ. ಸೊಸೆ ಮಾತ್ರ ತಲೆ ಎತ್ತಿದಳು. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು, ಗಾಜು ಉಜ್ಜಿ ಫ್ರೇಮಿಗೆ ಕೂರಿಸಿ ಬಂದ ಕಣ್ಣುಗಳು ಅವು, ದಣಿದಿದ್ದವು.

ಆದದ್ದಿಷ್ಟೇ. ಪ್ರತಿ ಭಾನುವಾರ ಸಂಜೆ ಸೊಸೆ 'ಅಭ್ಯಾಸ'ಕ್ಕೆ ಹೋಗುತ್ತಾಳೆಂದು ಅತ್ತೆ ತಿಳಿದಿದ್ದರು. ಅವಳು ಹೋಗುತ್ತಿದ್ದುದು ಪೇಟೆಯ ಹೋಟೆಲಿಗೆ, ಒಂದು ಪುಟ್ಟ ತಂಡದ ಜೊತೆ ಕೀಬೋರ್ಡ್ ನುಡಿಸಲು. ಈ ಸಲ ಅತ್ತೆಯ ತಂಗಿ ಅಲ್ಲಿಗೇ ಊಟಕ್ಕೆ ಹೋದಳು, ಕಂಡಳು, ಎಂಜಲು ಕೈ ತೊಳೆಯುವ ಮೊದಲೇ ಫೋನ್ ಮಾಡಿದಳು!

"ತಿನ್ನೋರ ಮುಂದೆ ಕೂತು ಬಾರಿಸ್ತಾಳಂತೆ! ಇವಳು ಯಾರ ಮನೆ ಸೊಸೆ ಅಂತ ಯಾರಾದ್ರೂ ಕೇಳಿದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?"

"ಆಯ್ತು ಅತ್ತೆ," ಎಂದಳು ಸೊಸೆ. "ಬಿಟ್ಟೆ."

ಅಷ್ಟೇ... ಅಳಲಿಲ್ಲ, ಎದುರಾಡಲಿಲ್ಲ. ಜಗಳಕ್ಕೆಂದು ಸೊಂಟ ಕಟ್ಟಿ ನಿಂತಿದ್ದ ಅತ್ತೆಗೆ, ಬಲವಾಗಿ ತಳ್ಳಿದ ಬಾಗಿಲು ಮೊದಲೇ ತೆರೆದಿದ್ದರೆ ಮುಗ್ಗರಿಸುತ್ತೇವಲ್ಲ, ಹಾಗಾಯಿತು.

ಆ ಮನೆಯ ಗೋಡೆಗಳು ತೆಳು. ಅದಕ್ಕೇ ಸೊಸೆ ಕೆಲಸದಿಂದ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತಿದ್ದಳು. ಹಾಡು ಅವಳೊಬ್ಬಳಿಗೆ, ಉಳಿದವರಿಗೆ ಬೆರಳು ಬೀಳುವ ಟಕ ಟಕ ಸದ್ದು ಮಾತ್ರ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಅತ್ತೆ ಜಪಮಾಲೆ ಹಿಡಿದು ಕೂರುವರು. "ಮನೆಗೆ ಇಲಿ ಹೊಕ್ಕ ಹಾಗೆ ಟಕ ಟಕ ಟಕ ಟಕ!" ಎಂದು ದಿನವೂ ಗೊಣಗುವರು.

ಮರುದಿನ ಸಂಜೆ ಮನೆ ತಣ್ಣಗಿತ್ತು. "ಸದ್ಯ, ನೆಮ್ಮದಿ ಕೊಟ್ಟೆಯಲ್ಲಪ್ಪಾ ದೇವರೇ" ಎಂದು ಅತ್ತೆ ಮಣಿ ಎಳೆದರು. ಒಂದು ಮಣಿ ಸರಿಯಿತು... ಇನ್ನೊಂದು ಸರಿಯಿತು... ಮುಂದಿನದು ಬೆರಳಲ್ಲೇ ನಿಂತಿತು. ನಾಲಿಗೆಯ ಮೇಲಿನ ನಾಮ ಎಲ್ಲೋ ಜಾರಿಹೋಯಿತು. ಮತ್ತೆ ಮೊದಲಿಂದ, ಮತ್ತೆ ಅದೇ ಪಾಡು! ದೇವರ ಮುಂದೆ ಕೂತರೆ ಎಂದೂ ಅಲ್ಲಾಡದ ಮನಸ್ಸು ಹೀಗೇಕೆ ಕೈ ಕೊಟ್ಟಿತು? ವಾರ ಕಳೆಯುತ್ತ ಬಂದಂತೆ ಅವರಿಗೆ ಹೊಳೆಯಿತು, ಹೇಳಿಕೊಳ್ಳಲೂ ನಾಚಿಕೆಯಾಗುವಂಥ ಸತ್ಯ... ಇಷ್ಟು ಕಾಲ ತಮ್ಮ ಪ್ರಾರ್ಥನೆ ಸೊಸೆಯ ಬೆರಳಿನ ಹೆಜ್ಜೆ ಹಿಡಿದೇ ನಡೆದಿತ್ತು! ಸೊಸೆಯೋ, ಕರೆದರೆ ಬರುತ್ತಾಳೆ, ಕೇಳಿದರೆ ಹೇಳುತ್ತಾಳೆ. ನಗುವನ್ನು ಮಾತ್ರ ಅಂಗಡಿಯಲ್ಲೇ ಮರೆತು ಬಂದವಳಂತೆ ಓಡಾಡುತ್ತಾಳೆ.

ಶನಿವಾರ ತಂಡದ ಡ್ರಮ್ ಬಾರಿಸುವವರ ಫೋನ್ ಬಂತು. ಅವರು ವಾರವೆಲ್ಲ ದನದ ಡಾಕ್ಟರು. ಕೊಟ್ಟಿಗೆಗಳಲ್ಲಿ ಕೂಗಿ ಕೂಗಿ ದನಿ ದೊಡ್ಡದಾಗಿತ್ತು. ಅವರು ಫೋನಿನಲ್ಲಿ ಆಡಿದ್ದು ಅಡುಗೆಮನೆಗೂ ಕೇಳಿಸಿತು.

"ನೀನು ಬರೋದಿಲ್ಲ ಅಂದ್ರೆ ಇವತ್ತೇ ಬೇರೆಯವರನ್ನ ಗೊತ್ತು ಮಾಡ್ಬೇಕಮ್ಮ. ಆಮೇಲೆ ಆ ಜಾಗ ಅವರದ್ದೇ. ಸಂಜೆವರೆಗೂ ಕಾಯ್ತೀನಿ."

"ಕಾಯ್ಬೇಡಿ ಡಾಕ್ಟ್ರೇ..." ಎಂದಳು ಸೊಸೆ. ದನಿ ಒಡೆಯಿತು.

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಆದರೆ ಗುಡುಗಿದ ಬಾಯಲ್ಲೇ 'ಹೋಗಮ್ಮಾ' ಅನ್ನುವುದು ಹೇಗೆ?

"ಏ ಹುಡುಗಿ, ಆ ಪೆಟ್ಟಿಗೆ ಧೂಳು ಹಿಡಿದಿದೆ. ಒರೆಸು."

ಸೊಸೆ ಒರೆಸಿ, ಬಟ್ಟೆ ಮುಚ್ಚಿದಳು.

"ಅದೇನು ಮೇಲೆ ಮೇಲೆ! ಒತ್ತಿ ಒರೆಸು, ಒಂದೊಂದೇ ಕೀ ಒತ್ತಿ!"

"ಒತ್ತಿದ್ರೆ ನುಡಿಸಿದ ಹಾಗಾಗುತ್ತೆ ಅತ್ತೆ. ಬಿಟ್ಟೆ ಅಂದಿದ್ದೀನಲ್ಲ."

"ಅಮ್ಮಾ, ನಿನಗೇನು ಬೇಕು, ಬಿಡಿಸಿ ಹೇಳು," ಎಂದ ಮಗ.

"ನೀನು ಸುಮ್ನಿರೋ! ಬಾಯಿ ಬಿಡಬೇಕಾದ ದಿನ ತಟ್ಟೇಲಿ ಮುಖ ಹುದುಗಿಸಿ ಕೂತಿದ್ದೆ!"

ಅತ್ತೆ ಮೇಜಿನ ಮೇಲೆ ಎರಡೂ ಕೈ ಊರಿ, ಮುದಿಬೆರಳುಗಳಿಂದ ಬಡಿಯತೊಡಗಿದರು. ಟಕ ಟಕ, ಟಕಟಕ... ಟಕ...

"ಇದು, ನೀನು ದಿನಾ ಕೊನೇಲಿ ಬಾರಿಸ್ತಿದ್ದೆಯಲ್ಲ, ಆ ಹಾಡು. ಇಗೋ, ಈ ಜಾಗಕ್ಕೆ ಬಂದಾಗೆಲ್ಲ ಎಡವ್ತಿದ್ದೆ. ನಾನಿಲ್ಲಿ ಮಣಿ ಹಿಡಿದು ಉಸಿರು ಕಟ್ಟಿ ಕೂರ್ತಿದ್ದೆ... ಅದು ಸರಿಹೋದ ದಿನ ದೇವರಿಗೆ ಕೈ ಮುಗಿದೆ ಕಣೇ!"

"ಅತ್ತೆ... ನೀವು ಕೇಳಿಸ್ಕೋತಿದ್ರಾ?"

"ಕೇಳಿಸ್ಕೊಳ್ದೆ ಏನು ಮಾಡ್ಲಿ, ಇದೇನು ಕೋಟೆ ಗೋಡೆನಾ?"

ಸೊಸೆ ನಕ್ಕಳೋ ಅತ್ತಳೋ! ಅತ್ತೆಯ ಕುತ್ತಿಗೆಗೆ ಜೋತುಬಿದ್ದಳು. ಅತ್ತೆ ಸೆರಗಿನಿಂದ ಅವಳ ಮುಖ ಒರೆಸಿದರು, ಆಮೇಲೆ ತಮ್ಮದನ್ನೂ.

"ಅವತ್ತು ಆಡಿದ್ದು ನನ್ನ ತಪ್ಪಮ್ಮ... ಸಾಕು, ಬಿಡು ನನ್ನ! ಆ ದನದ ಡಾಕ್ಟ್ರು ಇನ್ಯಾರನ್ನಾದ್ರೂ ಹಿಡ್ಕೊಳ್ಳೋದ್ರೊಳಗೆ ಫೋನ್ ಮಾಡು!"

ಭಾನುವಾರ ಹೋಟೆಲಿನ ಮೂಲೆಯಲ್ಲಿ, ಮಗನ ಪಕ್ಕ, ಅತ್ತೆ ಕೈಕಟ್ಟಿ ಕೂತಿದ್ದರು. ಸೊಸೆ ಬೆರಳಿಟ್ಟಳು. ದಿನವೂ ಹೆಜ್ಜೆ ಸಪ್ಪಳದಿಂದಷ್ಟೇ ಗುರುತಿದ್ದವರು ಒಂದು ದಿನ ಬಾಗಿಲು ತೆರೆದು ಎದುರಿಗೇ ಬಂದು ನಿಂತ ಹಾಗೆ, ಹಾಡು ತನ್ನ ಮುಖ ತೋರಿಸಿತು. ಇಷ್ಟು ಚೆಂದವಿದ್ದೆಯಾ ನೀನು!... ಅತ್ತೆಯ ಕಣ್ಣು ತುಂಬಿತು. ಪಕ್ಕದ ಮೇಜಿನವನೊಬ್ಬ ತನ್ನ ಹೊಸ ಫ್ರಿಜ್ಜಿನ ಗುಣಗಾನ ಮಾಡುತ್ತಲೇ ಇದ್ದ.

"ಸ್ವಲ್ಪ ಮೆತ್ತಗೆ ಮಾತಾಡಿ ಸ್ವಾಮಿ. ಅಲ್ಲಿ ನಮ್ಮ ಸೊಸೆ ನುಡಿಸ್ತಿದ್ದಾಳೆ."

"ಯಾರು, ಆ ಕೀಬೋರ್ಡಿನವರಾ?"

"ಹೂಂ. ನಾಳೆ ಕನ್ನಡಕದ ಅಂಗಡೀಲಿರ್ತಾಳೆ. ಕಿವಿಗೂ ಏನಾದ್ರೂ ಸಿಗುತ್ತಾ ವಿಚಾರಿಸಿ."

ಬಿಡುವಿನಲ್ಲಿ ಸೊಸೆ ಬೆವರು ಒರೆಸಿಕೊಳ್ಳುತ್ತ ಓಡಿಬಂದಳು. "ಹೇಗಿತ್ತು ಅತ್ತೆ?"

"ಸದ್ದು ಜಾಸ್ತಿ ಆಯ್ತು," ಎಂದರು ಅತ್ತೆ, ಮೂಗು ಸೀಟುತ್ತ. "ಮುಂದಿನ ವಾರ ಇನ್ನೂ ಮುಂದಿನ ಮೇಜು ಹಿಡಿದಿಡೋಕೆ ಹೇಳು. ಇಲ್ಲಿಂದ ನಿನ್ನ ಬೆರಳೇ ಕಾಣ್ಸಲ್ಲ!"